ಸೀರಿಯಸ್ ಅನ್ನದ ಮೌಲಾಸಾಬ ಕಾಕಾ

ಕಥೆಯಲ್ಲಿ ಯಾರು ಸಾಯುತ್ತಾರೆಂದು ಮೊದಲೇ ಹೇಳಿಬಿಡುವುದು ಮೌಲಾಸಾಬ ಕಾಕಾ ಅವರ ಚಟ. ಚಟ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು, ಕರ್ತವ್ಯ ಅನ್ನಬೇಕಾಗಿತ್ತು. ಇಳಕಲ್ಲಿನ ನಮ್ಮ ಓಣಿಗೆಲ್ಲ ಅವರದೇ ಕೇಬಲ್ಲು. ಮಗ್ಗದ ಮನೆಗಳು, ಹಿಟ್ಟಿನ ಗಿರಣಿ, ನನ್ನ ಡಿಟಿಪಿ ಅಂಗಡಿ, ಎಲ್ಲ ಕಡೆಗೂ ಅವರ ಕರಿ ವಾಯರು ಕಂಬದಿಂದ ಕಂಬಕ್ಕೆ ಜೋತುಬಿದ್ದು ಬಂದಿತ್ತು. ದೊಡ್ಡ ಚಾನೆಲ್ಲುಗಳ ನಡುವೆ ಅವರದೇ ಒಂದು ಪುಟ್ಟ ಚಾನೆಲ್ಲೂ ಇತ್ತು. ಅದರ ಕೆಳತುದಿಯಲ್ಲಿ ಹಗಲೆಲ್ಲ ಒಂದು ಸಾಲು ಓಡುತ್ತಿತ್ತು. ನೀರು ಯಾವತ್ತು ಬಿಡುತ್ತಾರೆ, ಯಾರ ಎಮ್ಮೆ ಕಳೆದಿದೆ, ಯಾವ ಅಂಗಡಿಗೆ ಹೊಸ ಸೀರೆ ಬಂದಿವೆ, ಯಾರು ತೀರಿಕೊಂಡರು, ಎಲ್ಲವೂ ಆ ಸಾಲಿನಲ್ಲಿ. ಅದನ್ನು ಟೈಪು ಮಾಡಿಕೊಡುವ ಕೆಲಸ ನನ್ನದಾಗಿತ್ತು.

ಸಂಜೆ ಹೊತ್ತು ಆ ಚಾನೆಲ್ಲಿನಲ್ಲಿ ಒಂದು ಕಾರ್ಟೂನು ಬರುತ್ತಿತ್ತು. ಹುಬ್ಬಳ್ಳಿಯ ವಿತರಕನೊಬ್ಬ ಕನ್ನಡದ ಮಾತು ಕೂಡಿಸಿ ಕಳಿಸುತ್ತಿದ್ದ ಸರಣಿ ಅದು. ಅದರ ಅಸಲಿ ಹೆಸರು ಯಾರ ನಾಲಿಗೆಗೂ ಹೊರಳದೆ ಓಣಿಯ ಮಕ್ಕಳು ಅದಕ್ಕೆ ‘ಚಂದ್ರನ ಸ್ಟ್ಯಾಂಡು’ ಅಂತ ಹೆಸರಿಟ್ಟಿದ್ದವು. ಚಂದ್ರನ ಮೇಲೊಂದು ಬಸ್ ನಿಲ್ದಾಣ. ಬೇರೆ ಬೇರೆ ಗ್ರಹಗಳಿಗೆ ಹೋಗುವ ಗಾಡಿಗಳು ಅಲ್ಲಿ ನಿಂತು ಹೋಗುತ್ತವೆ. ಮೂರು ಕಣ್ಣಿನ ಕಂಟ್ರೋಲರ್, ಎಂಟು ಕೈಗಳಿಂದ ಚಹಾ ಸೋಸುವ ಹೆಂಗಸು, ಕಸ ಗುಡಿಸುವ ಒಂದು ಮುದಿ ರೋಬೋಟು, ಅದರ ಬೆನ್ನು ಬಿಡದ ಒಬ್ಬ ಪುಟ್ಟ ಹುಡುಗಿ. ರೋಬೋಟಿನ ಹೊಟ್ಟೆ ಎಣ್ಣೆ ಡಬ್ಬಿಯಂತೆ ಇದ್ದುದರಿಂದ ನಮ್ಮ ಮಕ್ಕಳ ಬಾಯಲ್ಲಿ ಅದು ಡಬ್ಬಣ್ಣ ಆಯಿತು. ಬೆಂಗಳೂರಿನ ಕಡೆಯ ನಯವಾದ ಕನ್ನಡದಲ್ಲಿ ಡಬ್ಬಣ್ಣ ‘ದಯವಿಟ್ಟು ಕಾಲು ಎತ್ತಿರಿ’ ಎಂದು ಗುಡಿಸುತ್ತ ಬಂದರೆ ಮಗ್ಗದ ಮೇಲೆ ಕೂತವರೂ ಲಾಳಿ ನಿಲ್ಲಿಸಿ ನಗುತ್ತಿದ್ದರು.

ಆದರೆ ಆ ಕಾರ್ಟೂನು ಮಾಡಿದವರ ಹೊಟ್ಟೆಯಲ್ಲಿ ಏನಿತ್ತೋ, ಹೊಟ್ಟೆ ಹುಣ್ಣಾಗುವಂತೆ ನಗಿಸಿ ನಗಿಸಿ ನಡುವೆ ಸೂಜಿ ಚುಚ್ಚಿಬಿಡುತ್ತಿದ್ದರು. ತಾಯಂದಿರು ತಮ್ಮ ಮಕ್ಕಳ ಹೆಸರು ಮರೆಯುವ ಒಂದು ಗ್ರಹ ಬರುತ್ತಿತ್ತು. ನಕ್ಕು ನಕ್ಕು ಕರಗಿಹೋಗುವ ಒಂದು ಪ್ರಾಣಿ ಬಂದಿತ್ತು; ಅದು ಆಟ ಆಡುತ್ತಿದೆ ಎಂದುಕೊಂಡು ಸ್ಟ್ಯಾಂಡಿನ ಮಂದಿ ಚಪ್ಪಾಳೆ ಹೊಡೆಯುತ್ತಿದ್ದರೆ ಅದು ನಿಜವಾಗಿ ಇಲ್ಲವಾಗಿಬಿಟ್ಟಿತ್ತು. ನಮ್ಮ ಮಕ್ಕಳ ಬಾಯಿ ನಗಲು ತೆರೆದದ್ದು ತೆರೆದಂತೆಯೇ ಉಳಿಯುತ್ತಿತ್ತು. ಸುರುವಿಗೇ ಒಂದು ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ‘ಮನಸ್ಸಿಗೆ ನೋವುಂಟುಮಾಡುವ ದೃಶ್ಯಗಳಿರಬಹುದು’ ಅಂತ ಬರುತ್ತಿತ್ತು ಅನ್ನಿ. ಕಾಕಾ ಅವರಿಗೆ ಆ ‘ಬಹುದು’ ಕಂಡರೆ ಮೈ ಉರಿಯುತ್ತಿತ್ತು.

“ಇರಬಹುದು ಅಂದ್ರ ಏನ ತಮ್ಮಾ? ಮಾಡಿದಾವ್ರಿಗೆ ಗೊತ್ತಿಲ್ಲಂದ್ರ ಮತ್ಯಾರಿಗೆ ಗೊತ್ತ? ಐತೋ ಇಲ್ಲೋ ಹೇಳ್ಬೇಕ. ಐತಂದ್ರ ಏನ ಐತಿ ಹೇಳ್ಬೇಕ.”

ಹಾಗಾಗಿ ಮುಂಜಾನೆಯೇ ಆ ದಿನದ ಭಾಗವನ್ನು ತಾವೊಬ್ಬರೇ ಕೂತು ನೋಡಿ, ಏಣಿಯನ್ನು ಹೊರಗೆ ಗೋಡೆಗೆ ಆನಿಸಿ, ನನ್ನ ಅಂಗಡಿಗೆ ಬಂದು ಸಾಲು ಬರೆಸುತ್ತಿದ್ದರು. ‘ಇಂದಿನ ಚಂದ್ರನ ಸ್ಟ್ಯಾಂಡಿನಲ್ಲಿ ಕಂಟ್ರೋಲರನ ಹೆಂಡತಿ ಸಾಯುತ್ತಾಳೆ. ಈಚೆಗೆ ಮನೆಯಲ್ಲಿ ಅಂಥದ್ದು ಆದವರು ವಿಚಾರ ಮಾಡಿ ನೋಡಿರಿ.’ ಮಧ್ಯಾಹ್ನದಿಂದಲೇ ಅದು ಓಡುತ್ತಿತ್ತು. ಶಾಲೆ ಬಿಟ್ಟು ಬಂದ ಮಕ್ಕಳು ಅದನ್ನು ಓದಿ ತಲೆ ಚಚ್ಚಿಕೊಳ್ಳುತ್ತಿದ್ದವು. ಕಥೆ ಪೂರ್ತಿ ಹೇಳಿಬಿಟ್ಟ ಮೇಲೆ ನೋಡುವುದೇನು ಅಂತ ಗಿರಣಿಯವನು ಒಂದು ಸಲ ಜಗಳಕ್ಕೇ ಬಂದಿದ್ದ. ಸಾಯುವುದನ್ನು ಹೇಳಿದ್ದೇನೆ, ಹೇಗೆ ಸಾಯುತ್ತಾಳೆಂದು ಹೇಳಿಲ್ಲವಲ್ಲ, ಅದನ್ನು ನೋಡು ಅಂತ ಕಾಕಾ ಅವನನ್ನು ಸಮಾಧಾನ ಮಾಡಿದ್ದರು. ಆದರೆ ಅದೇ ಓಣಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು, ಮಗ್ಗಕ್ಕೆ ನೂಲು ಸುತ್ತಿಕೊಡುವವಳು, ಆ ವರ್ಷ ಮಗನನ್ನು ಕಳೆದುಕೊಂಡವಳು. ಅಂಥ ಸಾಲು ಬಂದ ದಿನ ಆಕೆ ಟಿವಿ ಬಂದ್ ಮಾಡಿ ಹೊರಗೆ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದಳು.

ಮೌಲಾಸಾಬರದು ಗಾದಿ ಮಾಡುವ ನದಾಫರ ಮನೆತನ. ಅಪ್ಪ ಅರಳೆ ಹಿಂಜುತ್ತಿದ್ದವನು, ಇವರು ವಾಯರು ಹಿಡಿದರು. ಮನೆಯೊಳಗೂ ಕನ್ನಡವೇ. ಎತ್ತರದ ಒಣಕಲು ಆಳು. ಬಿಳಿ ಟೊಪ್ಪಿಗೆ, ಅಂಗಿಯ ಕಿಸೆಯಲ್ಲಿ ಪೆನ್ನಿನ ಜಾಗದಲ್ಲಿ ಇಕ್ಕಳ. ಹೆಂಡತಿ ಎಂದೋ ಹೋಗಿದ್ದರು. ಮಗಳು ರಜಿಯಾ ಜೊತೆಯಲ್ಲೇ ಇದ್ದಳು, ಅಳಿಯ ಲಾರಿ ಓಡಿಸುವವನಾದ್ದರಿಂದ ಬಂದಾಗ ಬಂದ. ರಜಿಯಾಳ ಮಗಳು ಸಾನಿಯಾ ಹುಟ್ಟಿದಂದಿನಿಂದ ಅಜ್ಜನ ತೋಳ ಮೇಲೆಯೇ ಮಲಗಿದವಳು. ಆಕೆಗೆ ಸೂಜಿ ಚುಚ್ಚಿಸಲು ದವಾಖಾನೆಗೆ ಹೋದಾಗ ಕಂಪೌಂಡರು ‘ನೋವ ಆಗೂದಿಲ್ಲ ಪುಟ್ಟಿ’ ಅಂದದ್ದಕ್ಕೆ ಕಾಕಾ ಅಲ್ಲೇ ಅವನನ್ನು ತರಾಟೆಗೆ ತೆಗೆದುಕೊಂಡಿದ್ದರು. ನೋವಾಗುತ್ತದೆ ಅನ್ನು, ಆಮೇಲೆ ಹೋಗುತ್ತದೆ ಅನ್ನು, ಕೂಸಿಗೆ ಸುಳ್ಳು ಯಾಕೆ ಕಲಿಸುತ್ತಿ ಅಂತ. ಸಾನಿಯಾ ಮಾತ್ರ ಅಜ್ಜ ಹೇಳಿದ ಪ್ರಕಾರ ನೋವಾಯಿತು ಎಂಬ ಸಂತೋಷಕ್ಕೆ ಅಳಲೇ ಇಲ್ಲವಂತೆ.

ನನ್ನ ಅವರ ಜಗಳವೆಲ್ಲ ಪದಗಳ ಮೇಲೆ. ನನ್ನ ಅಂಗಡಿಯಲ್ಲಿ ಮದುವೆ ಪತ್ರಿಕೆಗಿಂತ ಶ್ರದ್ಧಾಂಜಲಿಯ ಫ್ಲೆಕ್ಸು ಜಾಸ್ತಿ. ಸತ್ತವರಿಗೆ ಹಚ್ಚಲು ಚಂದದ ಪದಗಳನ್ನು ನಾನು ಕಂಪ್ಯೂಟರಿನಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದೆ: ಲಿಂಗೈಕ್ಯ, ದೈವಾಧೀನ, ವೈಕುಂಠವಾಸಿ, ಸ್ವರ್ಗಸ್ಥ, ಇಹಲೋಕ ತ್ಯಜಿಸಿದರು. ಮನೆಯವರು ಅಳುತ್ತ ಬಂದಾಗ ಅವರ ಮುಂದೆ ಒರಟು ಪದ ಹೇಗೆ ಬಳಸುವುದು ಹೇಳಿ. ಕಾಕಾ ನನ್ನ ಹಿಂದೆ ನಿಂತು, ಕನ್ನಡಕ ಹಣೆಗೇರಿಸಿ, ಒಂದೊಂದನ್ನೇ ಓದುತ್ತಿದ್ದರು.

“ಇಷ್ಟ ಮಂದಿ ಎಲ್ಲೆಲ್ಲೋ ಹೋಗ್ಯಾರ. ಸತ್ತಾವ್ರ ಒಬ್ಬರೂ ಇಲ್ಲಲ್ಲೋ ನಿನ್ನ ಅಂಗಡ್ಯಾಗ.”

ಅವರು ಹೀಗೆ ಯಾಕೆ ಎಂದು ತಿಳಿಯಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಇಲ್ಲಿ ಫೋನಿನಲ್ಲಿ ಯಾರೂ ಸಾಯುವುದಿಲ್ಲ. ದೂರದ ಬೀಗರಿಗೆ, ಪರಸ್ಥಳದಲ್ಲಿದ್ದ ಮಕ್ಕಳಿಗೆ ‘ಭಾಳ ಸೀರಿಯಸ್ ಐತಿ, ಇದ್ದಂಗ ಹೊಂಟ ಬರ್ರಿ’ ಅಂತ ಹೇಳುತ್ತೇವೆ. ಕೇಳಿದವರಿಗೆ ಗೊತ್ತಾಗುತ್ತದೆ. ಗೊತ್ತಾದರೂ ಗೊತ್ತಾಗದವರಂತೆ ‘ಹೌದೇನ್ರಿ, ಬಂದ್ವಿ’ ಅನ್ನುತ್ತಾರೆ. ದಾರಿಯಲ್ಲಿ ಎದೆ ಒಡೆದುಕೊಳ್ಳಬಾರದು, ಮನೆ ಮುಟ್ಟಿದ ಮೇಲೆ ನಾಲ್ಕು ಮಂದಿಯ ನಡುವೆ ಅಳಲಿ ಎಂಬ ಕರುಣೆ ಅದು. ಸೀರಿಯಸ್ ಎಂಬ ಇಂಗ್ಲಿಷ್ ಪದಕ್ಕೆ ನಮ್ಮಲ್ಲಿ ಬಂದು ಆ ಅರ್ಥವೇ ಗಟ್ಟಿಯಾಗಿ ಹತ್ತಿಕೊಂಡಿದೆ.

ಎಷ್ಟು ಗಟ್ಟಿ ಅಂದರೆ, ಗುಡೂರಿನ ಒಬ್ಬ ಮುದುಕಿ ನಿಜವಾಗಿ ಸೀರಿಯಸ್ ಆದಾಗ ಅನಾಹುತವಾಯಿತು. ಸೊಸೆಯ ತಮ್ಮ ಹೊಸಬ, ಪದ್ಧತಿ ತಿಳಿಯದೆ ಇದ್ದದ್ದು ಇದ್ದಂತೆ ‘ಅತ್ತಿ ಸೀರಿಯಸ್ ಅದಾರ’ ಅಂತ ಎಲ್ಲರಿಗೂ ಫೋನು ಮಾಡಿದ. ಬೇವೂರಿನಿಂದ, ತುಳಸಿಗೇರಿಯಿಂದ ಬೀಗರು ಹೂವಿನ ಮಾಲೆ ಹಿಡಿದು, ಊರ ಅಗಸಿ ಬಾಗಿಲಿನಿಂದಲೇ ಅಳುತ್ತ ಬಂದರು. ಮೊಮ್ಮಗನೊಬ್ಬ ನನ್ನಿಂದ ಫ್ಲೆಕ್ಸನ್ನೇ ಪ್ರಿಂಟು ಹಾಕಿಸಿಕೊಂಡು ಹೋಗಿದ್ದ. ಮುದುಕಿ ಹಾಸಿಗೆಯಲ್ಲಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದವಳು, ಯಾರು ಹೋದರು ಅಂತ ತಾನೂ ಸೆರಗು ಬಾಯಿಗಿಟ್ಟುಕೊಂಡು ಅಳಲು ಸುರುಮಾಡಿದಳಂತೆ. ಆಮೇಲೆ ಎರಡು ಸುಗ್ಗಿ ಕಂಡಳು. ಆ ಫ್ಲೆಕ್ಸು ಗಟ್ಟಿ ಇದೆ ಅಂತ ಕಟ್ಟಿಗೆಯ ಒಟ್ಟಿಲಿಗೆ ಹೊದಿಸಿದ್ದಳು. ಈ ಕಥೆ ಹೇಳಿ ನಾನು ನಕ್ಕಾಗ ಕಾಕಾ ಕೂಡ ನಕ್ಕರು. ಆಮೇಲೆ ತಮ್ಮದನ್ನು ಹೇಳಿದರು.

ಅವರು ಮೀಸೆ ಮೂಡುವ ವಯಸ್ಸಿನಲ್ಲಿ ಗೋವಾದಲ್ಲಿ ಟಿವಿ ರಿಪೇರಿ ಕಲಿಯುತ್ತಿದ್ದರು. ಒಂದು ಮುಂಜಾನೆ ಪಕ್ಕದ ಅಂಗಡಿಗೆ ಊರಿನಿಂದ ಚಿಕ್ಕಪ್ಪನ ಫೋನು ಬಂತು: ಅವ್ವ ಸೀರಿಯಸ್, ಹೊಂಟು ಬಾ. ಮಾಲೀಕ, ಜೊತೆಯ ಹುಡುಗರು, ಎಲ್ಲರ ಮುಖವೂ ಒಂದು ನಮೂನೆ ಆಯಿತು. ಎಲ್ಲರಿಗೂ ತಿಳಿಯಿತು, ಇವರೊಬ್ಬರನ್ನು ಬಿಟ್ಟು. ಬಸ್ಸು ಹತ್ತುವ ಮುಂಚೆ ಅವ್ವನಿಗೆ ಅಂತ ಮೋಸಂಬಿ ಕೊಂಡರು, ಗ್ಲೂಕೋಸಿನ ಡಬ್ಬಿ ಕೊಂಡರು. ದಾರಿಯುದ್ದಕ್ಕೂ ಅವ್ವನನ್ನು ಮಿರಜಿಗೆ ಒಯ್ಯುವುದೋ ಹುಬ್ಬಳ್ಳಿಗೋ, ಕೂಡಿಸಿಕೊಂಡು ಒಯ್ಯುವುದೋ ಮಲಗಿಸಿಕೊಂಡೋ, ಇದೇ ಲೆಕ್ಕಾಚಾರ. ಹುನಗುಂದಕ್ಕೆ ಬಂದಾಗ ಊರು ಸನಿಹ ಆಯಿತೆಂದು ಮನಸ್ಸು ಹಗುರಾಯಿತು, ಹಸಿವೂ ಆಯಿತು.

“ಹುನಗುಂದ ಸ್ಟ್ಯಾಂಡಿನ್ಯಾಗ ಇಳದು ಮಿರ್ಚಿ ತಿಂದ್ನೋ ಬಸೂ. ಬಿಸಿ ಬಿಸಿ ಇದ್ದೂ. ಇನ್ನೊಂದ್ ಪ್ಲೇಟ್ ಹಾಕು ಅಂದ್ನಿ. ಅಷ್ಟೊತ್ತಿಗೆ ಅವ್ವನ್ನ ಮಣ್ಣ ಮಾಡಿ ಮಂದಿ ಮನಿಗೆ ಹೊಳ್ಳಿ ಬಂದಿದ್ರು.”

ಅದನ್ನು ಹೇಳುವಾಗ ಅವರಿಗೆ ಅರವತ್ತು ದಾಟಿತ್ತು. ಬಾಯೊಳಗೆ ಇನ್ನೂ ಆ ಮಿರ್ಚಿ ಇದ್ದಂತೆ ಮುಖ ಮಾಡಿದರು. ಅವ್ವ ಹೋದದ್ದಕ್ಕಿಂತ, ಅವ್ವ ಇಲ್ಲದ ಲೋಕದಲ್ಲಿ ತಾನು ಅರ್ಧ ದಿನ ಆಸೆ ಇಟ್ಟುಕೊಂಡು ತಿರುಗಿದ್ದು ಅವರಿಗೆ ಅವಮಾನವಾಗಿತ್ತು. ಕರುಣೆಯಿಂದ ಹೇಳಿದ ಸುಳ್ಳನ್ನು ಅವರು ಕೊನೆಯವರೆಗೂ ಕ್ಷಮಿಸಲಿಲ್ಲ. ನಾನಾದರೋ ಅವರ ಚಿಕ್ಕಪ್ಪನ ಜಾಗದಲ್ಲಿದ್ದಿದ್ದರೆ ಅದೇ ಫೋನು ಮಾಡುತ್ತಿದ್ದೆ. ಅದನ್ನು ಅವರಿಗೆ ಹೇಳಿಯೂ ಇದ್ದೆ. ಅವರು ನನ್ನನ್ನು ಬೈಯಲಿಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ, ಅದಕ್ಕೇ ಒಬ್ಬನಾದರೂ ಬೇರೆ ಇರಬೇಕು ಅಂದರು.

ಹೋದ ವರ್ಷ ದೀಪಾವಳಿಯ ಹೊತ್ತಿಗೆ ಅವರ ದನಿ ಒಡೆಯಿತು. ಏಣಿ ಹತ್ತಿ ಕೂಗಿದರೆ ಕೆಳಗಿದ್ದವರಿಗೆ ಕೇಳಿಸುತ್ತಿರಲಿಲ್ಲ. ಆಮೇಲೆ ರೊಟ್ಟಿ ಗಂಟಲಲ್ಲಿ ಇಳಿಯದಾಯಿತು. ಬಾಗಲಕೋಟೆಗೆ ಹೋಗಿ ತೋರಿಸಿದರು. ಡಾಕ್ಟರು ಕಾಗದ ನೋಡಿ ರಜಿಯಾಳನ್ನು ಪಕ್ಕಕ್ಕೆ ಕರೆದರಂತೆ. ಕಾಕಾ ಕುರ್ಚಿ ಬಿಟ್ಟು ಏಳಲಿಲ್ಲ, ಗಂಟಲು ನನ್ನದು, ಇಲ್ಲೇ ಹೇಳಿರಿ ಅಂದರು. ಡಾಕ್ಟರು ಹೇಳಿದರು. ಗಂಟಲಿನದು ಕ್ಯಾನ್ಸರು, ಬಹಳ ಮುಂದೆ ಹೋಗಿದೆ, ಕೊಯ್ಯುವ ಹಾಗಿಲ್ಲ. ಮರುದಿನ ನನ್ನ ಅಂಗಡಿಗೆ ಬಂದು ಆ ದಿನದ ಸಾಲಿನ ಜೊತೆಗೇ ನನಗೂ ಅದನ್ನು ಹೇಳಿದರು, ನೀರು ಬಿಡುವ ಹೊತ್ತು ಹೇಳಿದ ಹಾಗೆ. ನನಗೆ ಕೀಬೋರ್ಡು ಕಾಣದಂತಾಯಿತು.

ಓಣಿಗೆಲ್ಲ ಗೊತ್ತಾಯಿತು, ಸಾನಿಯಾಗೆ ಒಬ್ಬಳಿಗೆ ಬಿಟ್ಟು. ರಜಿಯಾ ಅಪ್ಪನ ಕಾಲು ಹಿಡಿದಿದ್ದಳು. ಅಜ್ಜನಿಗೆ ಗಂಟಲು ಕೆಟ್ಟಿದೆ ಅಂತಷ್ಟೇ ಅವಳಿಗೆ ಹೇಳಿದ್ದಾಗಿದೆ, ಅಷ್ಟೇ ಇರಲಿ, ಒಂಬತ್ತು ವರ್ಷದ ಕೂಸು, ಆಕೆಯ ಪರೀಕ್ಷೆಯಾದರೂ ಮುಗಿಯಲಿ ಅಂತ. ಕಾಕಾ ಹೂಂ ಅಂದಿದ್ದರು. ಕೂಸಿನ ತಾಯಿಯ ಮಾತು, ಮೀರುವುದು ಹೇಗೆ. ಆದರೆ ದಿನಾ ಮಲಗುವಾಗ ಆ ಹುಡುಗಿ ‘ಅಜ್ಜಾ, ನಾಳಿಗೆ ಗಂಟಲ ಬಿಡ್ತೈತೇನ’ ಅಂತ ಕೇಳುವುದು, ಇವರು ಗೋಡೆಯ ಕಡೆ ತಿರುಗುವುದು. ತನ್ನ ಮೊಮ್ಮಗಳ ಕೈಗೆ ತಾನೇ ಮೋಸಂಬಿ ಕೊಟ್ಟು ಬಸ್ಸು ಹತ್ತಿಸಿದ ಹಾಗಾಗಿದೆ ಅಂತ ಒಂದು ದಿನ ನನ್ನೆದುರು ಅಂದರು.

ಅಂಥದ್ದರಲ್ಲಿ ಡಬ್ಬಣ್ಣನ ಭಾಗ ಬಂತು. ಮುಂಜಾನೆ ನೋಡಿ ಬಂದವರು ಸ್ಟೂಲಿನ ಮೇಲೆ ಕೂತು ಪಿಸುದನಿಯಲ್ಲಿ ನನಗೆ ಕಥೆ ಹೇಳಿದರು. ಡಬ್ಬಣ್ಣನ ಬ್ಯಾಟರಿ ಈಗ ಎಲ್ಲೂ ತಯಾರಾಗುವುದಿಲ್ಲ. ಇನ್ನೇನು ನಿಂತುಹೋಗುತ್ತಾನೆ. ಸ್ಟ್ಯಾಂಡಿನ ಮಂದಿ ಸೇರಿ ಆ ಪುಟ್ಟ ಹುಡುಗಿಗೆ, ಡಬ್ಬಣ್ಣ ರಜೆಯ ಮೇಲೆ ಊರಿಗೆ ಹೋಗುತ್ತಾನೆ ಅಂತ ಹೇಳುತ್ತಾರೆ. ಆಕೆ ಅವನ ಚೀಲ ಕಟ್ಟಿಕೊಡುತ್ತಾಳೆ, ಎಣ್ಣೆಯ ಡಬ್ಬಿ ಇಡುತ್ತಾಳೆ, ಚಳಿ ಆದರೆ ಇರಲಿ ಅಂತ ತನ್ನ ಮಫ್ಲರು ಇಡುತ್ತಾಳೆ. ಅವನು ಹೋದ ಮೇಲೆ ದಿನಾ ಒಂದೊಂದು ಗಾಡಿ ಬಂದಾಗಲೂ ಇಳಿಯುವವರನ್ನು ನೋಡುತ್ತಾಳೆ. ಒಬ್ಬೊಬ್ಬರು ಒಂದೊಂದು ಸುಳ್ಳು ಹೇಳುತ್ತಾರೆ, ಒಬ್ಬರ ಸುಳ್ಳಿಗೆ ಇನ್ನೊಬ್ಬರದು ತಾಳೆಯಾಗುವುದಿಲ್ಲ. ಅದನ್ನೆಲ್ಲ ನಗುವಂತೆಯೇ ಮಾಡಿದ್ದಾರೆ ಅಂದರು ಕಾಕಾ. ನಾನೂ ನಕ್ಕೆ ಅಂದರು.

ಏನಂತ ಟೈಪು ಮಾಡಲಿ ಎಂದು ನಾನು ಕೇಳಿದೆ. ಊರಿನ ಎಲ್ಲ ಸಾವನ್ನೂ ಮುಂಚಿತವಾಗಿ ಸಾರಿದ ಮನುಷ್ಯ ಪರದೆಯ ಮೇಲೆ ಮಿಣುಕುವ ಗೆರೆಯನ್ನೇ ನೋಡುತ್ತ ಕೂತರು. ಡಬ್ಬಣ್ಣ ಊರಿಗೆ ಹೋಗುತ್ತಾನೆ ಅಂತ ಬರೆಯಲೇ ಎಂದು ಮೆತ್ತಗೆ ಕೇಳಿದೆ. ಸಾನಿಯಾ ಓದುತ್ತಾಳೆ ಎಂಬುದು ಇಬ್ಬರ ತಲೆಯಲ್ಲೂ ಇತ್ತು. ಅವರು ತಲೆ ಅಲ್ಲಾಡಿಸಿದರು. ಇವತ್ತು ಸಾಲು ಬೇಡ ಅಂತ ಎದ್ದು ಹೋದರು.

ನನಗೆ ಅಂಗಡಿಯಲ್ಲಿ ಕೂಡಲಾಗಲಿಲ್ಲ. ಸಂಜೆ ಅವರ ಮನೆಗೆ ಹೋದೆ. ರಜಿಯಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಸಾನಿಯಾ ಶಾಲೆಯ ಅಂಗಿಯಲ್ಲೇ ಅಜ್ಜನ ಪಕ್ಕಕ್ಕೆ ಸೇರಿಕೊಂಡು ಕೂತಿದ್ದಳು. ಕಾರ್ಟೂನಿನ ಹಾಡು ಸುರುವಾಯಿತು. ಹುಡುಗಿ ಪರದೆಯ ಕೆಳತುದಿಯನ್ನೇ ನೋಡಿದಳು. ಸೀರೆ ಅಂಗಡಿ ಹೋಯಿತು, ಎಮ್ಮೆ ಹೋಯಿತು, ನೀರು ಹೋಯಿತು. ಮತ್ತೆ ಸೀರೆ ಅಂಗಡಿ ಬಂತು.

“ಅಜ್ಜಾ, ಇವತ್ತ ಸಾಲು ಇಲ್ಲ. ಯಾರೂ ಸಾಯೂದಿಲ್ಲ” ಅಂದಳು. ಅಂದು ಹಾಯಾಗಿ ಅವರ ತೋಳಿಗೆ ಒರಗಿದಳು.

ಕಾಕಾ ರಿಮೋಟು ತೆಗೆದುಕೊಂಡು ಟಿವಿ ಬಂದ್ ಮಾಡಿದರು.

“ಸಾಯ್ತಾನವ್ವಾ. ಇವತ್ತ ಡಬ್ಬಣ್ಣ ಸಾಯ್ತಾನ. ನನಗ ಬರಸಾಕ ಆಗಲಿಲ್ಲ.”

ಯಾಕೆ ಅಂತ ಅವಳು ಕೇಳಿದಳು. ಒಳಗೆ ರೊಟ್ಟಿಯ ಸಪ್ಪಳ ನಿಂತಿತು.

“ಯಾಕಂದ್ರ ನಾನೂ ಸಾಯಾಕತ್ತೇನಿ. ಇದು ಆರಾಮ ಆಗೂ ಗಂಟಲ ಅಲ್ಲ ಸಾನಿಯಾ. ಮಳಿ ಹಿಡಿಯೂದ್ರಾಗ ಅಂತಾರ ಡಾಕ್ಟರ್ರು.”

ರಜಿಯಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಸಾನಿಯಾ ಅಳಲಿಲ್ಲ. ನೋವಾಗುತ್ತದೆಯೇ ಅಂತ ಕೇಳಿದಳು. ಆಗುತ್ತದೆ ಅಂದರು. ಸತ್ತ ಮೇಲೂ ಆಗುತ್ತದೆಯೇ ಅಂದಳು. ಆಗುವುದಿಲ್ಲ ಅಂದರು. ಅವಳು ಅಜ್ಜನ ಅಂಗಿಯ ಗುಂಡಿಯನ್ನು ತಿರುವುತ್ತ, “ಮತ್ತ ನಾ ಎಲ್ಲೆ ಮಲಗ್ಲಿ?” ಅಂದಳು.

ಎಲ್ಲದಕ್ಕೂ ನೆಟ್ಟಗೆ ಉತ್ತರ ಕೊಡುತ್ತಿದ್ದ ಮನುಷ್ಯ ಟೊಪ್ಪಿಗೆ ತೆಗೆದು ಮುಖಕ್ಕೆ ಹಿಡಿದುಕೊಂಡರು. ಬಾಗಿಲಲ್ಲಿ ನಿಂತ ರಜಿಯಾ, “ನನ್ನ ಹಂತ್ಯಾಕವ್ವಾ” ಅಂದಳು. ಆಕೆಯ ದನಿ ಎಲ್ಲಿಂದಲೋ ಬಂತು. ನಾನು ಎದ್ದು ಹೊರಗೆ ಬಂದುಬಿಟ್ಟೆ.

ಅದು ಅಲ್ಲಿಗೆ ಮುಗಿಯಲಿಲ್ಲ. ಸಾನಿಯಾಗೆ ಜ್ವರ ಬಂತು. ಶಾಲೆಗೆ ಹೋಗಲಾರೆ ಅಂದಳು, ಹೋದರೆ ಅಷ್ಟರಲ್ಲಿ ಅಜ್ಜ ಸತ್ತರೆ ಅಂತ. ಊಟ ಬಿಟ್ಟಳು. ರಜಿಯಾ ಅಪ್ಪನ ಜೊತೆ ಮಾತು ಬಿಟ್ಟಳು; ಗಂಜಿಯ ಬಟ್ಟಲು ತಂದು ಮುಂದಿಟ್ಟು ಹೋಗುತ್ತಿದ್ದಳು. ಮುದುಕನ ಎದೆ ಕಲ್ಲಿನದು, ಇಳಕಲ್ಲಿನ ಗ್ರಾನೈಟು ಅಂತ ಓಣಿಯ ಹೆಂಗಸರು ಆಡಿಕೊಂಡರು. ನನಗೂ ಹಾಗೇ ಅನ್ನಿಸಿತ್ತು. ಅವರು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ಪೂರ್ತಿ ತಿಳಿದಿಲ್ಲ. ಆ ಜ್ವರದ ಕೂಸಿನ ಮುಖ ನೆನಪಾದರೆ ತಪ್ಪು ಅನ್ನಿಸುತ್ತದೆ.

ಆದರೆ ಜ್ವರ ಇಳಿದ ಮೇಲೆ ಹುಡುಗಿ ಬೇರೆಯೇ ಆಗಿದ್ದಳು. ಇದ್ದ ದಿನಗಳನ್ನು ಅವಳು ಕೈಬಿಡಲಿಲ್ಲ. ಶಾಲೆಯಿಂದ ನೇರ ಮನೆಗೆ ಓಡಿ ಬಂದು ಜೋಳದ ಗಂಜಿಯನ್ನು ಸೋಸಿ ಚಮಚೆಯಿಂದ ಹಾಕುವಳು. ಡಬ್ಬಣ್ಣನ ಹಾಗೆ ಕಾಲು ಎಳೆದು ನಡೆದು ‘ದಯವಿಟ್ಟು ಕಾಲು ಎತ್ತಿರಿ’ ಅಂತ ಅಜ್ಜನ ಹಾಸಿಗೆಯ ಸುತ್ತ ಅಡ್ಡಾಡಿ ಕಸ ಗುಡಿಸುವಳು. ಕಾಕಾ ದನಿಯಿಲ್ಲದೆ ನಗುತ್ತಿದ್ದರು, ಹೊಟ್ಟೆ ಮಾತ್ರ ಕುಣಿಯುತ್ತಿತ್ತು. ಕೇಳಬೇಕಾದ್ದನ್ನೆಲ್ಲ ಕೇಳಿಬಿಟ್ಟಳು: ಅವ್ವ ಸಣ್ಣಾಕಿದ್ದಾಗ ಹೇಗಿದ್ದಳು, ಅಜ್ಜಿ ಹೇಗೆ ಸತ್ತಳು, ಏಣಿ ಯಾರಿಗೆ ಹೋಗುತ್ತದೆ. ದನಿ ಪೂರ್ತಿ ಹೋದ ಮೇಲೆ ಅವರ ತುಟಿ ಓದಿ ನಮಗೆ ಹೇಳುವವಳು ಅವಳೇ. ಒಂದು ದಿನ ಹೋದಾಗ ರಜಿಯಾ ಅಪ್ಪನ ಕಾಲು ತಿಕ್ಕುತ್ತ ಏನೋ ಹೇಳಿಕೊಂಡು ಕೂತಿದ್ದಳು. ಮಾತು ಯಾವಾಗ ಸುರುವಾಗಿತ್ತೋ ನಾನು ಕೇಳಲಿಲ್ಲ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಮುಂಗಾರಿನ ಮೊದಲ ಮೋಡ ಕಟ್ಟಿದ ಒಂದು ಸಂಜೆ. ಮರುದಿನ ಬದಾಮಿಯಲ್ಲಿ ಒಂದು ಮದುವೆಗೆ ಫ್ಲೆಕ್ಸು ಕಟ್ಟಿಸುವುದಿತ್ತು. ಹೋಗಿ ಬರುತ್ತೇನೆ ಕಾಕಾ, ಬಂದ ಮೇಲೆ ಭೆಟ್ಟಿಯಾಗುತ್ತೇನೆ ಅಂದೆ. ಎಲ್ಲರೂ ಅನ್ನುವ ಮಾತು. ಅವರು ಕಣ್ಣು ತೆರೆದು ತಲೆಯನ್ನು ಆ ಕಡೆಗೂ ಈ ಕಡೆಗೂ ಹೊರಳಿಸಿದರು, ತುಟಿ ಆಡಿಸಿದರು. ನಾನು ಸಾನಿಯಾಳ ಮುಖ ನೋಡಿದೆ.

“ಇರೂದಿಲ್ಲ ಅನ್ನಾಕತ್ತಾನ ಅಜ್ಜ” ಅಂದಳು.

ಹಾಗೆಲ್ಲ ಅನ್ನಬಾರದು ಅಂತ ಬಾಯಿಗೆ ಬಂತು. ನುಂಗಿದೆ. ಹೊರಟವನು ಮತ್ತೆ ಕೂತೆ. ಅವರ ಕೈ ಹಿಡಿದುಕೊಂಡೆ. ಬೆರಳುಗಳಲ್ಲಿ ವಾಯರು ಕೊಯ್ದ ಹಳೆಯ ಗೆರೆಗಳು. ಅವರಿಗೆ ಹೇಳಬೇಕಾದ್ದನ್ನು ಹೇಳಿದೆ. ನೀವು ಬಂದು ಬೈಯದ ದಿನ ಅಂಗಡಿ ಅಂಗಡಿ ಅನ್ನಿಸುತ್ತಿರಲಿಲ್ಲ ಅಂದೆ, ನನ್ನ ಅಪ್ಪನಿಗಿಂತ ಹೆಚ್ಚು ಹೊತ್ತು ನಿಮ್ಮ ಜೊತೆ ಕಳೆದಿದ್ದೇನೆ ಅಂದೆ. ಅವರು ನನ್ನ ಕೈಯನ್ನು ಒಂದು ಸಲ ಒತ್ತಿದರು. ಆಮೇಲೆ ಹೋಗು ಅಂತ ಕೈಸನ್ನೆ ಮಾಡಿದರು, ಕೆಲಸ ಬಿಡಬೇಡ ಅಂತ.

ಮರುದಿನ ಮಧ್ಯಾಹ್ನ ಬದಾಮಿಯಲ್ಲಿ ಕಂಬಕ್ಕೆ ಹಗ್ಗ ಬಿಗಿಯುತ್ತಿದ್ದಾಗ ಫೋನು ಬಂತು. ಕಾಕಾ ಅವರ ತಮ್ಮ ಹುಸೇನಸಾಬರು. ಬಸೂ, ಅಣ್ಣ ಭಾಳ ಸೀರಿಯಸ್ ಅದಾನಪ್ಪ, ಇದ್ದಂಗ ಹೊಂಟು ಬಾ ಅಂದರು. ನಾನು ಪದ್ಧತಿಯ ಪ್ರಕಾರ ಹೌದೇನ್ರಿ, ಬಂದೆ ಅನ್ನುವುದರೊಳಗೆ ಆ ಕಡೆ ಏನೋ ಗದ್ದಲವಾಯಿತು. ಕೊಡು ಇಲ್ಲಿ, ಕೂಸಿಗ್ಯಾಕ ಫೋನು ಅಂತ ಯಾರೋ ಬೈದರು. ಆಮೇಲೆ ಸಣ್ಣ ದನಿ ಬಂತು.

“ಬಸು ಕಾಕಾ, ನಾ ಸಾನಿಯಾ. ಅಜ್ಜ ಸೀರಿಯಸ್ ಇಲ್ಲ. ಅಜ್ಜ ಸತ್ತಾನ. ನಾ ಹಂತ್ಯಾಕ ಇದ್ದೆ. ನೀ ಗಡಿಬಿಡಿ ಮಾಡಬ್ಯಾಡ, ನಿಧಾನ ಬಾ. ಸಂಜಿಮಟ ಮಣ್ಣ ಮಾಡೂದಿಲ್ಲಂತ.”

ಹೇಳಿ ಮುಗಿಸಿದ ಮೇಲೆ ಅವಳು ಅತ್ತಳು. ನಾನು ಫೋನು ಇಡಲಿಲ್ಲ. ಅವಳೂ ಇಡಲಿಲ್ಲ.

ಗುಡೂರಿನ ಮೇಲೆ ಇಳಕಲ್ಲಿಗೆ ಹೋಗುವ ಬಸ್ಸು ಸಿಕ್ಕಿತು. ಸಂತೆ ಮುಗಿಸಿಕೊಂಡು ಹೊರಟ ಒಬ್ಬ ಮುದುಕಿಯ ಪಕ್ಕ ಜಾಗವಿತ್ತು. ಕೂತ ಕೂಡಲೇ ನನಗೆ ಅಳು ತಡೆಯಲಾಗಲಿಲ್ಲ. ಮುದುಕಿ ನನ್ನ ಕಡೆ ತಿರುಗಿ, ಯಾರಪ್ಪಾ, ಯಾರಾದರೂ ಸೀರಿಯಸ್ ಇದ್ದಾರೇನು ಅಂತ ನಮ್ಮ ಕಡೆಯ ಎಲ್ಲ ಮರ್ಯಾದೆ ಸೇರಿಸಿ ಮೆತ್ತಗೆ ಕೇಳಿದಳು.

“ಇಲ್ಲಬೇ. ಸತ್ತಾರ” ಅಂದೆ. ಎಷ್ಟೋ ವರ್ಷ ಸಾವನ್ನೇ ಅಚ್ಚು ಹಾಕಿ ಹೊಟ್ಟೆ ಹೊರೆದವನು, ಆ ಪದವನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಮುದುಕಿ ತನ್ನ ಸಂತೆಯ ಚೀಲವನ್ನು ಕಾಲ ಕೆಳಗೆ ಸರಿಸಿ, ನನ್ನ ಬೆನ್ನ ಮೇಲೆ ಕೈ ಇಟ್ಟಳು.

“ಅಳೋ ತಮ್ಮಾ, ಅಳು. ಇಳಕಲ್ಲ ಇನ್ನೂ ದೂರ ಐತಿ.”